ಇಸ್ಪೋರ್ಟ್ಸ್ ಆಟಗಾರರಿಗೆ ಅಭಿಮಾನಿಗಳ ದುಡ್ಡು: ಕೊಡುವ ಮುನ್ನ ಲೆಕ್ಕ ಕೇಳಿ

ಮಾನ್ಯ ಸಂಪಾದಕರೇ,

ಮೊಬೈಲ್ ಗೇಮ್ ಆಡುವವರ ಲೈವ್ ನೋಡುತ್ತಾ ಹುಡುಗರು ಸೂಪರ್‌ಚಾಟ್ (ಯೂಟ್ಯೂಬ್ ಲೈವ್‌ನಲ್ಲಿ ದುಡ್ಡು ಕೊಟ್ಟು ಹಾಕುವ ಸಂದೇಶ), ಯುಪಿಐ ಅಂತ ದುಡ್ಡು ಹಾಕುತ್ತಿದ್ದಾರೆ ಎಂಬ ತಕರಾರು ದಾವಣಗೆರೆಯ ಎಷ್ಟೋ ಮನೆಗಳಲ್ಲಿದೆ. "ಆಟ ಆಡೋರಿಗೆ ನಾವ್ಯಾಕೆ ದುಡ್ಡು ಕೊಡಬೇಕು?" ಎನ್ನುವ ಹಿರಿಯರು ಒಂದು ಕಡೆ. ನೆಚ್ಚಿನ ಆಟಗಾರ ತನ್ನ ಹೆಸರು ಒಂದು ಸಲ ಓದಿದರೆ ಸಾಕು ಎಂದು ಐನೂರು, ಸಾವಿರ ಹಾಕುವ ಕಾಲೇಜು ಹುಡುಗರು ಇನ್ನೊಂದು ಕಡೆ. ಆ ದುಡ್ಡು ಕೊನೆಗೆ ಯಾರ ಕೈ ಸೇರುತ್ತದೆ, ಅದರಿಂದ ಏನಾಗುತ್ತದೆ ಎಂದು ಇಬ್ಬರೂ ವಿಚಾರಿಸಿದಂತಿಲ್ಲ. ಬಿಜಿಎಂಐ (ಮೊಬೈಲಿನ ಗುಂಡಿನ ಕಾಳಗದ ಆಟ), ವ್ಯಾಲರಂಟ್ (ಅಂಥದ್ದೇ ಕಂಪ್ಯೂಟರ್ ಆಟ) ಮುಂತಾದವುಗಳ ಸ್ಪರ್ಧೆಗಳನ್ನು, ಅಂದರೆ ಇಸ್ಪೋರ್ಟ್ಸ್ ಪಂದ್ಯಗಳನ್ನು ಸ್ಥಳೀಯವಾಗಿ ನಡೆಸಿಕೊಡುವ, ತಂಡಗಳ ಖರ್ಚು-ವೆಚ್ಚ ಬಲ್ಲ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಅಭಿಮಾನಿಗಳು ದುಡ್ಡು ಕೊಡಬೇಕು ಎಂಬುದೇ ನಮ್ಮ ಮಾತು. ಆದರೆ ಈಗ ಬಹುಪಾಲು ದುಡ್ಡು ಹೋಗುತ್ತಿರುವುದು ಅದರ ಅಗತ್ಯವೇ ಇಲ್ಲದವರಿಗೆ, ಅದೂ ಅರ್ಧದಷ್ಟು ನಡುವೆಯೇ ಸೋರಿಹೋಗುವ ದಾರಿಯಲ್ಲಿ.

ಯೂಟ್ಯೂಬಿನಲ್ಲಿ ಆಟ ತೋರಿಸುವವರೆಲ್ಲ ವೃತ್ತಿಪರ ಆಟಗಾರರಲ್ಲ. ಹರಟೆ ಹೊಡೆಯುತ್ತಾ, ನಗಿಸುತ್ತಾ ಲೈವ್ ಮಾಡುವವರು ಸ್ಟ್ರೀಮರ್‌ಗಳು. ಅದೂ ದುಡಿಮೆಯೇ, ಆದರೆ ಮನರಂಜನೆಯ ದುಡಿಮೆ. ಲಕ್ಷಗಟ್ಟಲೆ ಜನ ನೋಡುವ ಚಾನೆಲ್‌ಗೆ ಜಾಹೀರಾತು, ಬ್ರ್ಯಾಂಡ್‌ಗಳ ಪ್ರಚಾರದಿಂದಲೇ ಸಾಕಷ್ಟು ಬರುತ್ತದೆ. ಸ್ಪರ್ಧಿಯ ಪಾಡು ಬೇರೆ. ಬಿಜಿಎಂಐ ಸ್ಪರ್ಧೆಯಲ್ಲಿ ಒಂದು ಲಾಬಿಗೆ (ಒಟ್ಟಿಗೆ ಆಡುವ ಗುಂಪಿಗೆ) 16 ತಂಡ, 64 ಆಟಗಾರರು. ಒಂದು ಪಂದ್ಯ ಹೆಚ್ಚುಕಡಿಮೆ ಅರ್ಧ ಗಂಟೆ, ದಿನಕ್ಕೆ ಐದಾರು ಪಂದ್ಯ. ಕೊನೆಯವರೆಗೆ ಉಳಿದ ತಂಡಕ್ಕೆ 10 ಅಂಕ, ಎರಡನೆಯದಕ್ಕೆ 6, ಆಮೇಲೆ 5, 4, 3, 2, ಏಳು ಮತ್ತು ಎಂಟನೆಯ ಸ್ಥಾನಕ್ಕೆ ಒಂದೊಂದು. ಅದರ ಕೆಳಗೆ ಸೊನ್ನೆ. ಎದುರಾಳಿಯನ್ನು ಕೆಡವಿದರೆ ತಲೆಗೊಂದು ಅಂಕ. ಹೀಗಾಗಿ ಒಂದು ಪಂದ್ಯದಲ್ಲಿ ಮಿಂಚಿ ಉಳಿದ ಐದರಲ್ಲಿ ಎಡವಿದ ತಂಡ ಮುಂದಿನ ಸುತ್ತಿಗೆ ಹೋಗುವುದು ಕಷ್ಟ. ಆಟಗಾರನ ಕೈಚಳಕ ಎಷ್ಟೇ ಇರಲಿ, ಆರು ಪಂದ್ಯದಲ್ಲಿ ಒಂದು ಸಲ ನೆಟ್ ಕೈಕೊಟ್ಟರೆ ಆ ದಿನದ ಲೆಕ್ಕವೇ ತಲೆಕೆಳಗಾಗುತ್ತದೆ. ಸಣ್ಣ ಊರಿನ ತಂಡಗಳು ಸೋಲುವುದು ಹೆಚ್ಚಾಗಿ ಇಲ್ಲೇ. ದುಡ್ಡು ಬೇಕಾಗಿರುವುದೂ ಇಲ್ಲೇ.

ಇನ್ನು ಸೂಪರ್‌ಚಾಟ್ ಲೆಕ್ಕ. ಅಭಿಮಾನಿ 100 ರೂಪಾಯಿ ಹಾಕುತ್ತಾನೆ ಎಂದುಕೊಳ್ಳಿ. ಅದರೊಳಗಿನ ಶೇ 18ರ ಜಿಎಸ್‌ಟಿ ಬೇರ್ಪಡಿಸಿದರೆ ಉಳಿಯುವುದು 84 ರೂಪಾಯಿ 75 ಪೈಸೆ. ಅದರಲ್ಲಿ ಶೇ 30 ಯೂಟ್ಯೂಬ್ ಇಟ್ಟುಕೊಂಡು ಶೇ 70 ಚಾನೆಲ್‌ಗೆ ಕೊಡುತ್ತದೆ, ಅಂದರೆ 59 ರೂಪಾಯಿ ಚಿಲ್ಲರೆ. ಐಫೋನಿನ ಆ್ಯಪ್ ಮೂಲಕ ಕೊಟ್ಟರೆ ಆ್ಯಪ್ ಸ್ಟೋರ್ ಶುಲ್ಕವೂ ಮೊದಲೇ ಮುರಿದುಹೋಗುತ್ತದೆ. ಚಾನೆಲ್ ತಂಡವನ್ನು ನಡೆಸುವ ಕಂಪನಿಯ ಹೆಸರಲ್ಲಿದ್ದರೆ ಕರಾರಿನಲ್ಲಿ ಬರೆದಷ್ಟು ಪಾಲು ಕಂಪನಿಗೆ. ಉಳಿದದ್ದರ ಮೇಲೆ ಆದಾಯ ತೆರಿಗೆ. ಖಾತೆಯಲ್ಲಿ 100 ಡಾಲರ್ ಕೂಡುವ ತನಕ ಗೂಗಲ್ ಹಣ ಬಿಡುಗಡೆ ಮಾಡುವುದಿಲ್ಲ, ಹೀಗಾಗಿ ಸಣ್ಣ ಚಾನೆಲ್‌ನ ಹುಡುಗನಿಗೆ ಈ ತಿಂಗಳು ಹಾಕಿದ ದುಡ್ಡು ಮೂರು ತಿಂಗಳಾದರೂ ಕೈಗೆ ಬಾರದಿರಬಹುದು. ಹೆಚ್ಚು ಕೊಟ್ಟಷ್ಟೂ ಸಂದೇಶ ಹೆಚ್ಚು ಹೊತ್ತು ಪರದೆಯ ಮೇಲೆ ನಿಲ್ಲುವಂತೆ ಆ ವ್ಯವಸ್ಥೆಯನ್ನು ಕಟ್ಟಿದ್ದಾರೆ. ಹುಡುಗರು ದುಡ್ಡು ಕೊಡುತ್ತಿರುವುದು ಆ ನಿಲ್ಲುವಿಕೆಗೆ. ಅದು ತಪ್ಪೇನಲ್ಲ, ಸಿನಿಮಾ ಟಿಕೆಟ್ ಕೊಂಡ ಹಾಗೆ ಅದೊಂದು ಖರೀದಿ. ಆಟಗಾರನಿಗೆ ಬೆಂಬಲ ಕೊಟ್ಟೆ ಎಂದು ಮಾತ್ರ ಅಂದುಕೊಳ್ಳಬಾರದು.

ಯುಸಿ, ಅಂದರೆ ದುಡ್ಡು ಕೊಟ್ಟು ಕೊಳ್ಳುವ ಆಟದೊಳಗಿನ ನಾಣ್ಯದ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪು ತಿಳಿವಳಿಕೆ ಇದೆ. ಬಿಜಿಎಂಐ ಒಳಗೆ ಯುಸಿ ಕೊಂಡು ಬಂದೂಕಿಗೆ, ಬಟ್ಟೆಗೆ ಬಣ್ಣ ಹಚ್ಚಿಸಿಕೊಂಡರೆ ಆ ದುಡ್ಡು ಆಟದ ಕಂಪನಿ ಕ್ರಾಫ್ಟನ್‌ಗೂ ಆ್ಯಪ್ ಸ್ಟೋರ್‌ಗೂ ಹೋಗುತ್ತದೆ. ನೆಚ್ಚಿನ ಆಟಗಾರ ಅದೇ ಬಟ್ಟೆ ಹಾಕಿಕೊಂಡು ಆಡಿದ ಮಾತ್ರಕ್ಕೆ ಅವನಿಗೆ ಪಾಲು ಸಿಗುವುದಿಲ್ಲ.

ಹೊರದೇಶಗಳಲ್ಲಿ ಅಭಿಮಾನಿಗಳ ದುಡ್ಡು ಏನು ಮಾಡಿದೆ, ಏನು ಮಾಡಲಾಗಲಿಲ್ಲ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಡೋಟಾ 2 ಎಂಬ ಕಂಪ್ಯೂಟರ್ ಆಟದ 'ದಿ ಇಂಟರ್‌ನ್ಯಾಷನಲ್' ಪಂದ್ಯಾವಳಿ 2011ರಲ್ಲಿ 16 ಲಕ್ಷ ಡಾಲರ್ ಬಹುಮಾನದೊಂದಿಗೆ ಶುರುವಾಯಿತು. 2013ರಲ್ಲಿ ಆ ಆಟದ ಕಂಪನಿ ವಾಲ್ವ್ 10 ಡಾಲರಿನ ಡಿಜಿಟಲ್ ಪುಸ್ತಕವೊಂದನ್ನು ಮಾರಿ, ಪ್ರತಿಯೊಂದರಿಂದ ಎರಡೂವರೆ ಡಾಲರ್ ಬಹುಮಾನಕ್ಕೆ ಸೇರಿಸಿತು. ಮೊತ್ತ 28 ಲಕ್ಷ ಡಾಲರ್ ದಾಟಿತು. ಆ ಪದ್ಧತಿ ಬೆಳೆದು 2021ರ ಹೊತ್ತಿಗೆ ಬಹುಮಾನ 4 ಕೋಟಿ ಡಾಲರ್ ಮುಟ್ಟಿತು, ಗೆದ್ದ ಟೀಮ್ ಸ್ಪಿರಿಟ್ ಒಂದೇ 1 ಕೋಟಿ 82 ಲಕ್ಷ ಡಾಲರ್ ಒಯ್ದಿತು. ಜನ ಕೊಟ್ಟ ಪ್ರತಿ ನಾಲ್ಕು ಡಾಲರಿನಲ್ಲಿ ಮೂರು ಕಂಪನಿಯ ಪಾಲು. ಆಟಗಾರರ ಪಾಲಿನ ಒಂದು ಡಾಲರ್ ಕೂಡ ವರ್ಷಕ್ಕೊಂದೇ ಪಂದ್ಯಾವಳಿಯ ತಲೆಗೆ ಸುರಿಯಿತು. ಅಲ್ಲಿಗೆ ಅರ್ಹತೆ ಸಿಗದ ನೂರಾರು ಆಟಗಾರರಿಗೆ ಅದರಿಂದ ಏನೂ ಬರಲಿಲ್ಲ. 2023ರಲ್ಲಿ ಕಂಪನಿ ಆ ಮಾರಾಟದ ರೀತಿಯನ್ನೇ ಬದಲಿಸಿತು. ಬಹುಮಾನ ಒಮ್ಮೆಲೇ 32 ಲಕ್ಷ ಡಾಲರಿನ ಆಸುಪಾಸಿಗೆ ಕುಸಿಯಿತು. ಅಭಿಮಾನಿಗಳ ದುಡ್ಡು ಬಹುಮಾನದ ಕಡೆ ಹರಿದರೆ ಇದೇ ಆಗುವುದು. ಗೆದ್ದವನು ಇನ್ನಷ್ಟು ಗೆಲ್ಲುತ್ತಾನೆ, ಮೆಟ್ಟಿಲ ಬುಡದಲ್ಲಿರುವವನು ಅಲ್ಲೇ ಇರುತ್ತಾನೆ.

ಅದೇ ಕಂಪನಿಯ ಕೌಂಟರ್ ಸ್ಟ್ರೈಕ್ ಆಟದಲ್ಲಿ ದಾರಿ ಬೇರೆ. ಮೇಜರ್ ಎಂಬ ದೊಡ್ಡ ಪಂದ್ಯಾವಳಿ ಬಂದಾಗ ತಂಡಗಳ ಲಾಂಛನ, ಆಟಗಾರರ ಸಹಿ ಇರುವ, ಆಟದೊಳಗೆ ಅಂಟಿಸಿಕೊಳ್ಳುವ ಸ್ಟಿಕ್ಕರ್‌ಗಳನ್ನು ಮಾರುತ್ತಾರೆ. ಬಂದದ್ದರಲ್ಲಿ ಅರ್ಧ ಆಟಗಾರರಿಗೆ, ತಂಡಗಳಿಗೆ. 2023ರ ಪ್ಯಾರಿಸ್ ಮೇಜರ್‌ನಿಂದ ಹೀಗೆ 11 ಕೋಟಿ ಡಾಲರ್ ಆಟಗಾರರಿಗೂ ತಂಡಗಳಿಗೂ ಹೋಯಿತು ಎಂದು ವಾಲ್ವ್ ಹೇಳಿತ್ತು. ಅಲ್ಲಿದ್ದದ್ದು 24 ತಂಡ. ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋದ ತಂಡಕ್ಕೂ ತನ್ನ ಪಾಲು ಬಂತು, ಏಕೆಂದರೆ ಅದು ಗೆಲುವಿಗೆ ಕೊಟ್ಟ ದುಡ್ಡಲ್ಲ, ಅಲ್ಲಿಯ ತನಕ ಬಂದುದಕ್ಕೆ ಕೊಟ್ಟದ್ದು. ನಾವು ಅನುಸರಿಸಬೇಕಾದ್ದು ಈ ನಿಯಮ.

ನಮ್ಮೂರಿಗೆ ಇದೇನು ಹೊಸದಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಗೆದ್ದವನಿಗೆ ಗದೆ, ಬಹುಮಾನ ಇದ್ದೇ ಇರುತ್ತದೆ. ಪೈಲ್ವಾನನನ್ನು ತಯಾರು ಮಾಡುವುದು ಮಾತ್ರ ವರ್ಷವಿಡೀ ಗರಡಿ ಮನೆಗೆ ಸಲ್ಲುವ ಹಾಲು, ಬಾದಾಮಿಯ ದುಡ್ಡು. ಇಸ್ಪೋರ್ಟ್ಸ್ ತಂಡದ ಹಾಲು-ಬಾದಾಮಿ ಯಾವುದು ಎಂಬುದನ್ನು ಇನ್ನು ವಿವರವಾಗಿ ಹೇಳುತ್ತೇವೆ.

ಬಿಜಿಎಂಐ ತಂಡ ಎಂದರೆ ನಾಲ್ವರು, ಜತೆಗೊಬ್ಬ ಬದಲಿ ಆಟಗಾರ. ಒಟ್ಟು ಐವರು. ಮೊದಲ ಖರ್ಚು ಫೋನ್. ಸೆಕೆಂಡಿಗೆ 90 ಫ್ರೇಮ್ (ಚಿತ್ರ) ತಡೆಯಿಲ್ಲದೆ ಓಡಿಸುವ ಫೋನಿಗೆ 35 ಸಾವಿರದ ಆಸುಪಾಸು ಬೇಕು. ಅಂಗಡಿಯಲ್ಲಿ 90 ತೋರಿಸುವ ಫೋನೆಲ್ಲ ಪಂದ್ಯದ ದಿನದ ನಾಲ್ಕನೇ ಗಂಟೆಯಲ್ಲೂ 90 ಕೊಡುವುದಿಲ್ಲ. ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಶೀಟಿನ ಮನೆಯೊಳಗೆ ಕೂತು ಆಡಿದರೆ ಎರಡನೇ ಪಂದ್ಯಕ್ಕೇ ಫೋನ್ ಕಾದು, ತನ್ನನ್ನು ತಾನು ಉಳಿಸಿಕೊಳ್ಳಲು ಪ್ರೊಸೆಸರ್ ವೇಗ ಇಳಿಸುತ್ತದೆ. 90 ಇದ್ದದ್ದು 50ಕ್ಕೆ ಬೀಳುತ್ತದೆ. ಎದುರಾಳಿ ಗೋಡೆಯ ಮರೆಯಿಂದ ಹೊರಬರುವ ಆ ಗಳಿಗೆಯಲ್ಲಿ ಪರದೆ ತಡವರಿಸುತ್ತದೆ. ಚಾರ್ಜಿಗೆ ಹಾಕಿಕೊಂಡೇ ಆಡುವುದರಿಂದ ಕಾವು ಇನ್ನೂ ಏರುತ್ತದೆ, ವರ್ಷದೊಳಗೆ ಬ್ಯಾಟರಿ ಸೊರಗುತ್ತದೆ. ಹಿಂಬದಿಯ ಕವರ್ ತೆಗೆಯುವುದು, ಬೆಳಕು ತಗ್ಗಿಸುವುದು, ಬ್ಯಾಟರಿ ಮುಟ್ಟದೆ ನೇರವಾಗಿ ಕರೆಂಟ್ ಪಡೆಯುವ ಬೈಪಾಸ್ ಚಾರ್ಜಿಂಗ್ ಇರುವ ಫೋನ್ ಆರಿಸುವುದು, ಬೆನ್ನಿಗೆ ಅಂಟಿಸುವ ಸಣ್ಣ ಕೂಲರ್ ಫ್ಯಾನ್ ಇಡುವುದು ಇದಕ್ಕೆ ಪರಿಹಾರ. ಫ್ಯಾನಿಗೆ ಸಾವಿರ ರೂಪಾಯಿ ಸಾಕು. ಅಭಿಮಾನಿಗಳು ಕೊಡಬಹುದಾದ ಉಡುಗೊರೆಗಳಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಕೆಲಸಕ್ಕೆ ಬರುವುದು ಇನ್ನೊಂದಿಲ್ಲ.

ಎರಡನೆಯದು ನೆಟ್. "300 ಎಂಬಿಪಿಎಸ್ ಹಾಕಿಸಿದ್ದೀವಿ, ಆದ್ರೂ ಲ್ಯಾಗ್ (ತಡವರಿಕೆ)" ಎನ್ನುವವರು ತುಂಬ ಜನ. ಆಟಕ್ಕೆ ವೇಗ ಬೇಡ, ನಿಲುಗಡೆಯಿಲ್ಲದ ಹರಿವು ಬೇಕು. ಪಂದ್ಯ ಆಡುವಾಗ ಖರ್ಚಾಗುವ ಡೇಟಾ ತೀರಾ ಕಡಿಮೆ. ಅದೇ ಆಟವನ್ನು 6 ಎಂಬಿಪಿಎಸ್‌ನಲ್ಲಿ ಲೈವ್ ಕೊಟ್ಟರೆ ಗಂಟೆಗೆ 2.7 ಜಿಬಿ ಅಪ್‌ಲೋಡ್ ಆಗುತ್ತದೆ. ಸ್ಪರ್ಧೆಯ ದಿನ ಅದೇ ಸಂಪರ್ಕದಲ್ಲಿ ಲೈವ್ ಮಾಡುವುದು ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡ ಹಾಗೆ. 40 ಎಂಬಿಪಿಎಸ್‌ನ ಫೈಬರ್ ಸಂಪರ್ಕ ಧಾರಾಳವಾಯಿತು. ಕೆಡುವುದು ರೂಟರ್‌ನಿಂದ ಫೋನಿನ ತನಕದ ಹತ್ತಡಿಯಲ್ಲಿ. ಗೋಡೆಗೆ ಗೋಡೆ ಅಂಟಿರುವ ಹಳೇ ಪೇಟೆಯ ಮನೆಗಳಲ್ಲಿ ಅಕ್ಕಪಕ್ಕದ ರೂಟರ್‌ಗಳೆಲ್ಲ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. 5 ಗಿಗಾಹರ್ಟ್ಸ್‌ಗೆ ಹೋದರೆ ಈ ಗದ್ದಲ ತಪ್ಪುತ್ತದೆ, ಆದರೆ ದಪ್ಪ ಗೋಡೆ ದಾಟುವುದಿಲ್ಲ. ಆಟಗಾರ ರೂಟರ್ ಇರುವ ಕೋಣೆಯಲ್ಲೇ ಕೂರಬೇಕು. ಇನ್ನೂ ಒಳ್ಳೆಯದು ಫೋನಿಗೆ ನೆಟ್ ತಂತಿ ಜೋಡಿಸುವ ಟೈಪ್-ಸಿ ಲ್ಯಾನ್ ಅಡಾಪ್ಟರ್ ಹಾಕಿ ತಂತಿಯಲ್ಲೇ ಆಡುವುದು. ಇಲ್ಲೊಂದು ತೊಡಕಿದೆ, ಕೊಳ್ಳುವಾಗ ಯಾರೂ ಹೇಳುವುದಿಲ್ಲ. ಫೋನಿಗಿರುವುದು ಒಂದೇ ಕಿಂಡಿ. ಅದಕ್ಕೆ ಲ್ಯಾನ್ ಹಾಕಿದರೆ ಚಾರ್ಜರ್‌ಗೆ ಜಾಗವಿಲ್ಲ, ಇಯರ್‌ಫೋನ್‌ಗೂ ಇಲ್ಲ. ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಹೆಜ್ಜೆ ಸದ್ದು ತಡವಾಗಿ ಕೇಳಿಸುತ್ತದೆ. ಹಾಗಾಗಿ ಲ್ಯಾನ್, ಚಾರ್ಜಿಂಗ್, ಆಡಿಯೊ ಮೂರೂ ಇರುವ ಹಬ್ ನೋಡಿ ತರಬೇಕು.

ಮೂರನೆಯದು ಕರೆಂಟ್. ಮನೆಯಲ್ಲಿ ಯುಪಿಎಸ್ ಇದೆಯಲ್ಲ ಎನ್ನುತ್ತಾರೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕಣ್ಣುಮಿಟುಕಿನಲ್ಲಿ ಬಲ್ಬು ಒಮ್ಮೆ ಮಂಕಾಗುತ್ತದೆ ಅಷ್ಟೆ, ಆದರೆ ರೂಟರ್ ಆಫ್ ಆಗಿ ಹೊಸದಾಗಿ ಶುರುವಾಗುತ್ತದೆ. ಮತ್ತೆ ನೆಟ್ ಹಿಡಿಯಲು ಒಂದೆರಡು ನಿಮಿಷ. ಅಷ್ಟರಲ್ಲಿ ಆಟದೊಳಗೆ ಅವನ ಗೊಂಬೆ ಬಯಲಲ್ಲಿ ಸುಮ್ಮನೆ ನಿಂತಿರುತ್ತದೆ, ಯಾರೋ ಹೊಡೆದುಹಾಕಿರುತ್ತಾರೆ, ಉಳಿದ ಮೂವರು ನಾಲ್ವರ ಎದುರು ಆಡಬೇಕು. ರೂಟರ್‌ಗೆಂದೇ ಬರುವ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಒಂದೂವರೆ ಸಾವಿರ ರೂಪಾಯಿಗೆ ಸಿಗುತ್ತದೆ. ಎರಡು-ಮೂರು ಗಂಟೆ ತಡೆಯುತ್ತದೆ, ನಡುವೆ ಒಂದು ಕ್ಷಣವೂ ಕಡಿಯುವುದಿಲ್ಲ. ಕೊಳ್ಳುವಾಗ ರೂಟರ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಂಡು ಹೋಗಬೇಕು. ಕೆಲವು ಫೈಬರ್ ಪೆಟ್ಟಿಗೆಗಳು 9 ವೋಲ್ಟಿನವು, ಅದಕ್ಕೆ 12 ಹಾಕಿದರೆ ಸುಟ್ಟುಹೋಗಬಹುದು. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು ಎಂಬುದನ್ನು ಮರೆಯಬಾರದು.

ತಿಂಗಳ ಲೆಕ್ಕ ಹೀಗೆ. ಐವರಿಗೆ ತಲಾ 700ರಂತೆ ಫೈಬರ್ 3,500 ರೂ. ನೆಟ್ ಕೈಕೊಟ್ಟಾಗ ಬಳಸಲು ಬೇರೆ ಕಂಪನಿಯ ಸಿಮ್, ತಲಾ 300ರಂತೆ 1,500. ಬೆವರಿಗೆ ಬೆರಳು ಅಂಟದಂತೆ ಹಾಕುವ ಫಿಂಗರ್ ಸ್ಲೀವ್ ತಿಂಗಳಿಗೆ ಎರಡು ಜೊತೆ, ಐವರಿಗೆ 1,000. 35 ಸಾವಿರದ ಫೋನ್ ಸ್ಪರ್ಧೆಗೆ ಬಾಳುವುದು ಎರಡು ವರ್ಷ ಎಂದು ಹಿಡಿದರೆ ಮುಂದಿನ ಫೋನಿಗಾಗಿ ತಲಾ 1,460ರಂತೆ ಎತ್ತಿಡಬೇಕಾದ್ದು 7,300. ಒಟ್ಟು 13,300 ರೂಪಾಯಿ. ತಿಂಗಳಿಗೆ 100 ರೂಪಾಯಿ ಕೊಡುವ 133 ಜನ ಸಿಕ್ಕರೆ ಒಂದು ತಂಡ ನಿಲ್ಲುತ್ತದೆ. ಮೊದಲ ಸಲದ ಹಬ್, ಫ್ಯಾನ್, ರೂಟರ್ ಯುಪಿಎಸ್‌ಗೆ ತಲಾ ನಾಲ್ಕು ಸಾವಿರದಂತೆ 20 ಸಾವಿರ ಬೇರೆ. ದೊಡ್ಡ ಸ್ಟ್ರೀಮರ್‌ನ ಒಂದು ಸಂಜೆಯ ಲೈವ್‌ನಲ್ಲಿ 20 ಸಾವಿರ ಬಂದರೂ ಅವನಿಗೆ ಅದೇನು ಲೆಕ್ಕಕ್ಕಿಲ್ಲ. ಹರಿಹರದಲ್ಲೋ ಚಳ್ಳಕೆರೆಯಲ್ಲೋ ಇರುವ ಐವರು ಹುಡುಗರಿಗೆ ಅದು ಒಂದೂವರೆ ತಿಂಗಳ ಉಸಿರು.

ಕಂಪ್ಯೂಟರ್ ಆಟದವರ ಖರ್ಚು ಇದಕ್ಕಿಂತ ಹೆಚ್ಚು, ಅದನ್ನು ಇಲ್ಲಿ ಬಿಡಿಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಹಳೇ ಕಂಪ್ಯೂಟರನ್ನು ದಾನ ಕೊಡುವ ಒಳ್ಳೆಯ ಮನಸ್ಸಿನವರಿದ್ದಾರೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯ ಇರಲೇಬೇಕು. ಇಲ್ಲದಿದ್ದರೆ ಮೋಸ ತಡೆಯುವ ವ್ಯಾನ್‌ಗಾರ್ಡ್ ತಂತ್ರಾಂಶ ಆಟವನ್ನು ತೆರೆಯಲು ಬಿಡುವುದಿಲ್ಲ. ಕೊಡುವ ಮುನ್ನ ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್‌ನಲ್ಲಿ) ಈ ಎರಡನ್ನೂ ನೋಡಿ.

ಬಹುಮಾನ ಬರುತ್ತದಲ್ಲ, ಅದರಲ್ಲೇ ಬದುಕಲಿ ಎನ್ನುವ ಮಾತಿಗೂ ಉತ್ತರ ಹೇಳಬೇಕು. ಬಿಜಿಎಂಐಯ ದೊಡ್ಡ ಪಂದ್ಯಾವಳಿಯಾದ ಬಿಜಿಐಎಸ್‌ನ 2024ರ ಒಟ್ಟು ಬಹುಮಾನ 2 ಕೋಟಿ ರೂಪಾಯಿ, ಫೈನಲ್ ಹೈದರಾಬಾದಿನಲ್ಲಿ. ಕೇಳಲು ದೊಡ್ಡ ಮೊತ್ತ. ಸಾವಿರಾರು ತಂಡ ನೋಂದಾಯಿಸಿದಲ್ಲಿ ಫೈನಲ್ ಮುಟ್ಟುವುದು 16. ಒಂದು ತಂಡಕ್ಕೆ ಲಕ್ಷ ರೂಪಾಯಿ ಬಂತು ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಶೇ 30ರಷ್ಟು ಟಿಡಿಎಸ್ ಮುರಿದೇ ಕೊಡುತ್ತಾರೆ. 70 ಸಾವಿರವನ್ನು ಐವರು ಹಂಚಿಕೊಂಡರೆ ತಲಾ 14 ಸಾವಿರ. ಕಂಪನಿಯ ಪಾಲಿದ್ದರೆ ಇನ್ನೂ ಕಡಿಮೆ. ಅದೂ ಪಂದ್ಯ ಮುಗಿದು ತಿಂಗಳುಗಳು ಕಳೆದ ಮೇಲೆ ಕೈಗೆ ಬರುವುದು.

ಆಟವೇ ಇಲ್ಲವಾಗುವ ಭಯವೂ ಇದೆ. ಬಿಜಿಎಂಐಗಿಂತ ಮೊದಲು ಇಲ್ಲಿ ಆಡುತ್ತಿದ್ದ ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಯಿತು. 2021ರಲ್ಲಿ ಬಂದ ಬಿಜಿಎಂಐಯನ್ನು 2022ರ ಜುಲೈ 28ರಂದು ಆ್ಯಪ್ ಸ್ಟೋರ್‌ಗಳಿಂದ ತೆಗೆದರು, ಅದು ಮರಳಿದ್ದು 2023ರ ಮೇನಲ್ಲಿ. ಆ ಹತ್ತು ತಿಂಗಳು ಅಧಿಕೃತ ಪಂದ್ಯಗಳಿಲ್ಲ, ಬಹುಮಾನವೂ ಇಲ್ಲ. ಚಾನೆಲ್ ಇದ್ದವರು ಬೇರೆ ಆಟ ಆಡಿ ಉಳಿದುಕೊಂಡರು, ಬರೀ ಸ್ಪರ್ಧೆಯನ್ನೇ ನಂಬಿದವರು ಬಿಟ್ಟುಹೋದರು. ಈಗ 2025ರ ಆನ್‌ಲೈನ್ ಗೇಮಿಂಗ್ ಪ್ರೋತ್ಸಾಹ ಮತ್ತು ನಿಯಂತ್ರಣ ಕಾಯ್ದೆ ಬಂದಿದೆ. ದುಡ್ಡು ಕಟ್ಟಿ ಆಡುವ ಆಟಗಳನ್ನು ಅದು ಪೂರ್ತಿ ನಿಷೇಧಿಸಿದೆ, ಅಂಥವುಗಳ ಜಾಹೀರಾತು ಮಾಡಿದರೆ ಎರಡು ವರ್ಷದ ತನಕ ಜೈಲು, 50 ಲಕ್ಷದ ತನಕ ದಂಡ ಎಂದಿದೆ. ಇದು ಒಳ್ಳೆಯ ಕಾನೂನು ಎಂದೇ ನಮ್ಮ ನಿಲುವು. ಆದರೆ ಎಷ್ಟೋ ತಂಡಗಳ ಜೆರ್ಸಿಯ ಮೇಲಿದ್ದದ್ದು ಅಂಥ ಆ್ಯಪ್‌ಗಳ ಹೆಸರೇ. ಆ ದುಡ್ಡು ನಿಂತಿದೆ. ಜೂಜಿನ ಕಂಪನಿ ಬಿಟ್ಟ ಜಾಗದಲ್ಲಿ ಊರಿನ ಅಭಿಮಾನಿ, ಊರಿನ ಅಂಗಡಿ ನಿಲ್ಲುವುದಕ್ಕೆ ಇದಕ್ಕಿಂತ ತಕ್ಕ ಸಮಯ ಬರುವುದಿಲ್ಲ. 2022ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಇಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಇಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಲ್ಲಿ ಭಾರತದ ತೀರ್ಥ್ ಮೆಹ್ತಾ ಕಂಚು ತಂದರು. ಮನೆಹಾಳು ಚಟ ಎಂದು ಇಡೀ ಕ್ಷೇತ್ರವನ್ನು ತಳ್ಳಿಹಾಕುವ ಕಾಲ ಮುಗಿದಿದೆ.

ಇದೇ ಕಾಯ್ದೆಯ ಕಾರಣಕ್ಕೆ ಅಭಿಮಾನಿಗಳು ಒಂದು ಗೆರೆಯನ್ನು ದಾಟಲೇಬಾರದು. "ನಾನು 500 ಹಾಕ್ತೀನಿ, ಗೆದ್ರೆ ನನಗೆ ಸಾವಿರ ಕೊಡು" ಎಂದರೆ ಅದು ಬೆಂಬಲವಲ್ಲ, ಪಣ. ಇಸ್ಪೋರ್ಟ್ಸ್‌ನಲ್ಲಿ ಬಾಜಿ, ಪಣ ಇರಕೂಡದು ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ತಂಡಕ್ಕೆ 50, 100 ವಸೂಲಿ ಮಾಡಿ, ಕೂಡಿದ್ದನ್ನು ಗೆದ್ದವರಿಗೆ ಹಂಚುವ 'ಪೇಯ್ಡ್ ಸ್ಕ್ರಿಮ್ಸ್' (ದುಡ್ಡು ಕಟ್ಟಿ ಆಡುವ ಅಭ್ಯಾಸ ಪಂದ್ಯ) ಕೂಡ ಇದೇ ಹಳ್ಳಕ್ಕೆ ಬೀಳುವಂಥದ್ದು. ಅದರ ಪ್ರವೇಶ ಶುಲ್ಕಕ್ಕೆ ಅಭಿಮಾನಿಗಳು ದುಡ್ಡು ಕೊಡಬಾರದು, ಆಟಗಾರರು ಕೇಳಬಾರದು. ಊರಲ್ಲಿ ಪಂದ್ಯ ನಡೆಸುವವರು ಪ್ರವೇಶ ಉಚಿತ ಇಟ್ಟು, ಬಹುಮಾನವನ್ನು ಪ್ರಾಯೋಜಕರಿಂದ ತರುವುದು ಕ್ಷೇಮ.

ಕೊಡುವುದು ಹೇಗೆ? ಆದಷ್ಟು ವಸ್ತುವಿನ ರೂಪದಲ್ಲಿ ಕೊಡಿ. ಫೈಬರ್ ಬಿಲ್ಲನ್ನು ನೇರವಾಗಿ ನೀವೇ ಕಟ್ಟಬಹುದು, ರೂಟರ್ ಯುಪಿಎಸ್ ಕೊಡಿಸಬಹುದು. ಹಣವೇ ಕೊಡುವುದಾದರೆ ತಂಡ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಲಿ, ಇಬ್ಬರ ಸಹಿ ಇಲ್ಲದೆ ಹಣ ತೆಗೆಯುವಂತಿರಬಾರದು. ಆಟಗಾರನ ಸ್ವಂತ ಖಾತೆಗೆ ಬೇಡ, ಅದಕ್ಕೆ ಎರಡು ಕಾರಣ. ಯಾರೋ ಕದ್ದ ಹಣವನ್ನು ದೇಣಿಗೆ ಎಂದು ಹಾಕಿದರೆ, ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟ ಮೇಲೆ ಆ ಹಣ ಹರಿದ ಖಾತೆಗಳನ್ನು ತಡೆಹಿಡಿಯಬಹುದು. ಹುಡುಗನ ಸಂಬಳ, ಸ್ಕಾಲರ್‌ಶಿಪ್ ಎಲ್ಲ ಅದರೊಳಗೇ ಸಿಕ್ಕಿಬೀಳಬಹುದು. ಎರಡನೆಯದು ತೆರಿಗೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50 ಸಾವಿರ ಮೀರಿ ಉಡುಗೊರೆ ಬಂದರೆ ಮೀರಿದ್ದಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ. ಆಟವೇ ವೃತ್ತಿಯಾದರೆ ಬಂದದ್ದು ವೃತ್ತಿಯ ಆದಾಯವೆಂದೇ ಲೆಕ್ಕ. ಬೆಂಬಲಿಗರು ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳಬಹುದು. ಆಗ ಲೆಕ್ಕಪತ್ರ ಇಡುವುದು ಕಡ್ಡಾಯವಾಗುತ್ತದೆ, ಅದೇ ಅದರ ದೊಡ್ಡ ಲಾಭ.

ಲೈವ್‌ನಲ್ಲಿ ಕಾಣುವ ಕ್ಯುಆರ್ ಕೋಡ್ ಎಲ್ಲವನ್ನೂ ನಂಬಬೇಡಿ. ಹೆಸರಾಂತ ಆಟಗಾರರ ಹಳೇ ವಿಡಿಯೊವನ್ನೇ ಲೈವ್ ಎಂದು ಓಡಿಸಿ, ಮೂಲೆಯಲ್ಲಿ ತಮ್ಮ ಕ್ಯುಆರ್ ಅಂಟಿಸುವ ನಕಲಿ ಚಾನೆಲ್‌ಗಳಿವೆ. ಸ್ಕ್ಯಾನ್ ಮಾಡಿದಾಗ ಬರುವ ಖಾತೆದಾರನ ಹೆಸರು ಓದಿ, ತಂಡ ಪ್ರಕಟಿಸಿದ ಹೆಸರಿಗೆ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ. ತಂಡದವರೂ ಮೊಬೈಲ್ ನಂಬರ್ ಇರುವ ಯುಪಿಐ ಐಡಿಯನ್ನು ಪರದೆಯ ಮೇಲೆ ಹಾಕಬಾರದು, ಮಾರನೇ ದಿನದಿಂದ ಬೇಡದ ಕರೆಗಳು ಶುರುವಾಗುತ್ತವೆ.

ಕೊಟ್ಟ ಮೇಲೆ ಲೆಕ್ಕ ಕೇಳುವುದು ಅಪನಂಬಿಕೆಯಲ್ಲ. ತಿಂಗಳಿಗೊಮ್ಮೆ ಒಂದು ಪುಟ ಸಾಕು: ಎಷ್ಟು ಬಂತು, ಯಾವುದಕ್ಕೆ ಹೋಯಿತು, ರಸೀದಿಯ ಫೋಟೊ, ಆಡಿದ ಪಂದ್ಯಗಳ ಅಂಕಪಟ್ಟಿ. ಜನರ ದುಡ್ಡಿನಲ್ಲಿ ತಂದ ಫೋನ್ ಆಟಗಾರನದೋ ತಂಡದ್ದೋ ಎಂಬುದನ್ನು ಮೊದಲ ದಿನವೇ ಬರೆದಿಡಿ. ಆಟಗಾರ ಬೇರೆ ತಂಡಕ್ಕೆ ಹಾರಿದಾಗ ಜಗಳವಾಗುವುದು ಇದೊಂದಕ್ಕೇ. ನಮ್ಮ ಸಲಹೆ: ಎರಡು ವರ್ಷ ತಂಡದ್ದು, ಆಮೇಲೆ ಆಟಗಾರನದು. 18 ತುಂಬದ ಹುಡುಗ ಮಾಡಿಕೊಂಡ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ, ಅಪ್ಪ-ಅಮ್ಮನ ಸಹಿ ಇರಲೇಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಬಿಟ್ಟು ಆಡುತ್ತೇನೆ ಎನ್ನುವವನಿಗೆ ದುಡ್ಡು ಕೊಡಬೇಡಿ. ಇದರಲ್ಲಿ ರಾಜಿ ಇಲ್ಲ.

ಮೋಸ ಸಿಕ್ಕಿಬಿದ್ದ ದಿನವೇ ದುಡ್ಡು ನಿಲ್ಲಬೇಕು. 2018ರಲ್ಲಿ ಶಾಂಘೈನಲ್ಲಿ ನಡೆದ ಕೌಂಟರ್ ಸ್ಟ್ರೈಕ್ ಪಂದ್ಯದ ನಡುವೆಯೇ ಭಾರತದ ತಂಡವೊಂದರ ಆಟಗಾರನ ಕಂಪ್ಯೂಟರಿನಲ್ಲಿ ಗುರಿ ಹಿಡಿಯಲು ನೆರವಾಗುವ ಕಳ್ಳ ತಂತ್ರಾಂಶ ಪತ್ತೆಯಾಯಿತು. ಅವನಿಗೆ ಐದು ವರ್ಷ ನಿಷೇಧ. ಏನೂ ತಪ್ಪು ಮಾಡದ ಉಳಿದ ನಾಲ್ವರೂ ಕೆಲಸ ಕಳೆದುಕೊಂಡರು, ಏಕೆಂದರೆ ಕಂಪನಿ ತಂಡವನ್ನೇ ಮುಚ್ಚಿತು. ಆ ಆಟಗಾರ ಮೊದಲೂ ಒಮ್ಮೆ ನಿಷೇಧಕ್ಕೆ ಒಳಗಾಗಿದ್ದವನು. ಹಳೆಯದನ್ನು ವಿಚಾರಿಸದೆ ಸೇರಿಸಿಕೊಂಡರೆ ಆಗುವುದು ಇದೇ.

ಇನ್ನು ಪೋಷಕರಿಗೆ. ಮಕ್ಕಳಿಗೆ ಯುಪಿಐ ಪಿನ್ ಗೊತ್ತಿಲ್ಲ ಎಂದು ನಿಶ್ಚಿಂತರಾಗಬೇಡಿ. ಯುಪಿಐ ಲೈಟ್‌ನಲ್ಲಿ ಒಂದು ಸಲಕ್ಕೆ ಸಾವಿರ ರೂಪಾಯಿಯ ತನಕ ಪಿನ್ ಇಲ್ಲದೆಯೇ ಹೋಗುತ್ತದೆ, ಅದರಲ್ಲಿ 5 ಸಾವಿರದ ತನಕ ತುಂಬಿಡಬಹುದು. ಮಕ್ಕಳ ಕೈಗೆ ಹೋಗುವ ಫೋನಿನಲ್ಲಿ ಯುಪಿಐ ಲೈಟ್ ಮುಚ್ಚಿಬಿಡಿ. ಚಾನೆಲ್ ಸದಸ್ಯತ್ವಕ್ಕೆ ಒಮ್ಮೆ ಆಟೊಪೇ ಒಪ್ಪಿದರೆ ಪ್ರತಿ ತಿಂಗಳು ತಾನಾಗಿಯೇ ಕಡಿತವಾಗುತ್ತದೆ, ಯುಪಿಐ ಆ್ಯಪ್‌ನ ಆಟೊಪೇ ವಿಭಾಗ ತೆರೆದು ಬೇಡದ್ದನ್ನು ರದ್ದು ಮಾಡಿ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ. ಸ್ವಂತ ದುಡಿಮೆ ಇಲ್ಲದವರು ಯಾವ ಆಟಗಾರನಿಗೂ ದುಡ್ಡು ಕೊಡಬೇಕಿಲ್ಲ. ಲೈವ್ ಪೂರ್ತಿ ನೋಡುವುದು, ಪಂದ್ಯದ ದಿನ ನಾಲ್ಕು ಜನಕ್ಕೆ ಹೇಳುವುದು ಸಹ ತಂಡಕ್ಕೆ ಪ್ರಾಯೋಜಕರನ್ನು ತರುತ್ತದೆ.

ತಮ್ಮಲ್ಲಿ ಒಂದು ಕೋರಿಕೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ನಡೆಯುವ ಇಸ್ಪೋರ್ಟ್ಸ್ ಪಂದ್ಯಗಳ ಫಲಿತಾಂಶವನ್ನು ಖೋಖೋ, ಕಬಡ್ಡಿ ಫಲಿತಾಂಶದ ಜತೆ ಕ್ರೀಡಾ ಪುಟದಲ್ಲಿ ಎರಡು ಸಾಲಾದರೂ ಹಾಕಿ. ಆಟದೊಳಗಿನ ಅಡ್ಡಹೆಸರಿನ ಬದಲು ನಿಜವಾದ ಹೆಸರು, ಊರು, ಪಡೆದ ಸ್ಥಾನ ಅಚ್ಚಾದರೆ ದುಡ್ಡು ಕೇಳಲು ಬಂದ ತಂಡ ನಿಜಕ್ಕೂ ಆಡಿದೆಯೇ ಎಂದು ಕೊಡುವವರು ಪತ್ರಿಕೆ ತೆರೆದು ನೋಡಿಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಇಸ್ಪೋರ್ಟ್ಸ್ ಪಂದ್ಯ ನಡೆಸಿಕೊಡುವ ಗೆಳೆಯರ ಪರವಾಗಿ,
ದಾವಣಗೆರೆ